ಹೊಸತೊಡಕಿನ ಬಾಡು, ನಮ್ಮನೆ ಫ್ರಿಜ್ಜು, ನಾನು ಹೇಳಿದ ಒಂದು ಸುಳ್ಳು

ಮೊನ್ನೆ ಭಾನುವಾರ ರೊಟ್ಟಿ ಬಡಿಯಾಕೆ ಕುಂತಿದ್ದೆ. ಅಷ್ಟೊತ್ತಿಗೆ ನಮ್ಮಣ್ಣನ ಮಗಳು ಮೆಲ್ಬರ್ನ್‌ನಿಂದ ವಿಡಿಯೋ ಕಾಲ್ ಮಾಡಿದ್ಲು. "ಅತ್ತೆ, ಕುರಿ ತೊಡೇದು ತಂದು ಸ್ಟೀಕ್ ಮಾಡ್ದೆ. ಚಪ್ಲಿ ಆದಂಗೆ ಆಗೈತೆ ನೋಡು" ಅಂತ ತಟ್ಟೆ ತೋರಿಸಿದ್ಲು. ಸ್ಟೀಕ್ ಅಂದ್ರೆ ಏನೋ ಅನ್ಕೋಬ್ಯಾಡ್ರಿ. ಹೆಬ್ಬೆಟ್ಟಿನ ದಪ್ಪಕ್ಕೆ ಕುಯ್ದ ಬಾಡಿನ ಹೋಳು ಅಷ್ಟೇ. ಸಾರಿಲ್ಲ, ಮಸಾಲೆ ರುಬ್ಬೋದಿಲ್ಲ, ಕಾದ ಬಾಣಲೆ ಮ್ಯಾಲೆ ಎರಡೂ ಕಡೆ ಸುಡಾದು. ನಮ್ ಕಡೆ ಕುರಿ ಕಾಯೋರು ಕೆಂಡದ ಮ್ಯಾಲೆ ಸುಟ್ಕೊಂಡು ತಿಂತಾರಲ್ಲ, ಅದರ ತಂಗಿ ಅನ್ರಿ.

ಹೆಂಗೆ ಮಾಡಿದೆ ಅಂತ ಒಂದೊಂದೇ ಕೇಳಿದೆ. ಫ್ರೀಜರಿಂದ ಕಲ್ಲಿನಂಗೆ ಇದ್ದಿದ್ದನ್ನ ತೆಗೆದು ಬಿಸಿನೀರಿನ ನಲ್ಲಿ ಕೆಳಗೆ ಹಿಡಿದಾಳೆ. ನೀರು ಸುರೀತಿದ್ದಂಗೇ ಬಾಣಲೆಗೆ ಹಾಕಿದಾಳೆ. ಅದೂ ಸಣ್ಣ ಬಾಣಲೆಗೆ ನಾಕು ಹೋಳು ಒಟ್ಟಿಗೆ. ಇಳಿಸಿದ ತಕ್ಷಣ ಚಾಕು ಇಟ್ಟಿದಾಳೆ. "ನಿನ್ನ ಬಾಡು ಸುಟ್ಟಿಲ್ಲ ಕಣವ್ವ, ಅದರ ನೀರಲ್ಲೇ ಅದು ಬೆಂದೈತೆ" ಅಂದೆ. ಹಿಂದಿನ ರಾತ್ರೀನೇ ಫ್ರಿಜ್ಜಿನ ಕೆಳಗಡೆ ಇಟ್ಟು ಕರಗಿಸ್ಕೋ, ಬಟ್ಟೇಲಿ ಒತ್ತಿ ಒರೆಸು, ಬಾಣಲೆ ಚೆನ್ನಾಗಿ ಕಾಯಲಿ, ಎರಡೇ ಹೋಳು ಹಾಕು, ಇಳಿಸಿ ಐದು ನಿಮಿಷ ಸುಮ್ನೆ ಬಿಡು, ಆಮೇಲೆ ಎಳೆಗೆ ಅಡ್ಡ ಕುಯ್ಯಿ ಅಂತ ಹೇಳಿದೆ. "ಇದೆಲ್ಲ ನಿಂಗೆ ಹೆಂಗೆ ಗೊತ್ತು ಅತ್ತೆ?" ಅಂದ್ಲು. "ಕೆಡಿಸಿ ಕೆಡಿಸಿ ಕಲ್ತೆ" ಅಂದು ನಕ್ಕು ಫೋನಿಟ್ಟೆ. ಆಮೇಲೆ ನಗು ಬರಲಿಲ್ಲ. ನಾನು ಕೆಡಿಸಿದ್ದು ಬರೀ ಬಾಡಲ್ಲ. ಅದನ್ನ ಇವತ್ತು ಬರೆದುಬಿಡ್ತೀನಿ.

ನಮ್ಮ ತವರು ಮೊಳಕಾಲ್ಮುರು. ಮಗ್ಗದ ಮನೆ. ರೇಷ್ಮೆ ಸೀರೆ ಇಳಿದು ಕೂಲಿ ಕೈಗೆ ಬಂದ ವಾರ ಅರ್ಧ ಸೇರು ಬಾಡು ಬರಾದು. ಎಂಟು ಜನಕ್ಕೆ ಅರ್ಧ ಸೇರು ಅಂದ್ರೆ ನೀವೇ ಲೆಕ್ಕ ಹಾಕ್ರಿ. ಮಧ್ಯಾಹ್ನ ಬಂದಿದ್ದು ರಾತ್ರಿ ಹೊತ್ತಿಗೆ ಖಾಲಿ, ಮಡಕೆ ತಳದ ಸಾರಿಗೂ ಮುದ್ದೆ ಒರೆಸಿ ತಿಂತಿದ್ವಿ. ಬಾಡು ಇಡಾದು ಹೆಂಗೆ ಅಂಬೋ ಪ್ರಶ್ನೇನೇ ನಮ್ಮವ್ವಂಗೆ ಬಂದಿರಲಿಲ್ಲ.

ಕೊಟ್ಟ ಮನೆ ಚಳ್ಳಕೆರೆ. ಎಣ್ಣೆ ಮಿಲ್ಲುಗಳ ಊರು, ಕುರಿ ಕಂಬಳಿಯ ಊರು. ಇಲ್ಲಿ ಹಬ್ಬಕ್ಕೆ ಕುರಿ ಬಿದ್ರೆ ಪಾಲು ಹಾಕಿ ಗುಡ್ಡೆ ಲೆಕ್ಕದಾಗೆ ಬರ್ತಿತ್ತು. ಉಳಿದಿದ್ದನ್ನ ನಮ್ಮತ್ತೆ ಸರ ಮಾಡಾರು. ಮೂಳೆ ಬಿಡಿಸಿ, ನೆಣ ತೆಗೆದು, ಬೆರಳಷ್ಟು ಅಗಲಕ್ಕೆ ಉದ್ದುದ್ದ ಸೀಳಿ, ಉಪ್ಪು ಅರಿಶಿನ ಹಚ್ಚಿ ಅಂಗಳದ ತಂತಿ ಮ್ಯಾಲೆ ಹಾಕಾರು. ನೊಣ ಕೂರದಂಗೆ ಮ್ಯಾಲೆ ತೆಳ್ಳನೆ ಬಟ್ಟೆ. ಸಂಜೆ ಒಳಗೆ ತರಾದು, ಬೆಳಿಗ್ಗೆ ಮತ್ತೆ ಹಾಕಾದು. ಮುರಿದ್ರೆ ಚಟ್ ಅನ್ಬೇಕು, ಬಗ್ಗಿದ್ರೆ ಇನ್ನೂ ನೀರೈತೆ ಅಂತ ಲೆಕ್ಕ. ನೆಣ ಯಾಕೆ ತೆಗೀತೀರಿ ಅಂದ್ರೆ, "ನೆಣ ಒಣಗಲ್ಲ, ಕಮಟು ವಾಸ್ನೆ ಬರ್ತದೆ" ಅನ್ನಾರು. ಮಳೆ ತೀರಾ ಕಮ್ಮಿ ಇರೋ ನಮ್ಮ ತಾಲ್ಲೂಕಿನ ಒಣಗಾಳಿ ಬೆಳೆಗೆ ಶಾಪ, ಒಣಬಾಡಿಗೆ ವರ. ಮಲೆನಾಡಾಗೆ ಹಿಂಗೆ ತೂಗಾಕಿದ್ರೆ ಬೂಸ್ಟು ಹಿಡೀತದೆ.

ನಂಗೆ ಮಾತ್ರ ಅಂಗಳದಾಗೆ ಬಾಡು ತೂಗಾಕಾದು ಒಂಥರ ನಾಚಿಕೆ. ಮನೆಗೆ ಫ್ರಿಜ್ಜು ಬಂದ ಮ್ಯಾಲಂತೂ ಕೇಳಬ್ಯಾಡ್ರಿ. ಒಂಟಿ ಬಾಗಿಲಿಂದು, ಮ್ಯಾಲೆ ಚಿಕ್ಕ ಐಸಿನ ಖಾನೆ. ನಮ್ ಬೀದೀಲಿ ಎರಡನೇದು. ಅದಕ್ಕೆ ಕ್ರೋಷಾ ಹೊದಿಕೆ ಬೇರೆ ಹಾಕಿದ್ದೆ.

2010ರ ಉಗಾದಿ ಮಂಗಳವಾರ ಬಿದ್ದಿತ್ತು. ಬುಧವಾರ ಹೊಸತೊಡಕು. ಬೆಳಿಗ್ಗೆ ಐದಕ್ಕೇ ಅಂಗಡಿ ಮುಂದೆ ಸಾಲು. ಅಂಗಡಿ ಅಣ್ಣ ಕಣ್ಣೆದುರಿಗೇ ಕುರಿ ಕುಯ್ದು ಐದು ಕೇಜಿ ತೂಗಿದ. ಮೈದುನ ಡ್ಯೂಟಿ ಇದ್ದು ಹಬ್ಬಕ್ಕೆ ಬಂದಿರಲಿಲ್ಲ, ಭಾನುವಾರ ಹೆಂಡ್ತಿ ಮಗಳ ಜೊತೆ ಬರ್ತೀನಿ ಅಂದಿದ್ದ. ಅವರಿಗೆ ಅಂತ ಮೂರು ಕೇಜಿ ಎತ್ತಿಟ್ಟೆ. "ಈ ಬಿಸಿಲಿಗೆ ಅಷ್ಟು ದಿನ ಇಡಬ್ಯಾಡವ್ವ, ಸರ ಮಾಡಾಣ" ಅಂದ್ರು ಅತ್ತೆ. "ಫ್ರಿಜ್ಜು ಯಾಕಿರಾದು ಮತ್ತೆ?" ಅಂದೆ. ಅವರು ಸುಮ್ಮನಾದ್ರು.

ಅಲ್ಲಿಂದ ನಾನು ಮಾಡಿದ್ದೆಲ್ಲ ತಪ್ಪೇ. ಇನ್ನೂ ಬೆಚ್ಚಗಿದ್ದ ಮೂರು ಕೇಜಿ ಬಾಡನ್ನ ತೊಳೆದು, ನೀರು ಸೋರ್ತಿದ್ದಂಗೇ ಒಂದೇ ಪ್ಲಾಸ್ಟಿಕ್ ಕವರಿಗೆ ತುಂಬಿ ಐಸಿನ ಖಾನೆಗೆ ತುರುಕಿದೆ. ಅಷ್ಟು ದೊಡ್ಡ ಗಂಟು ಹೊರಗಡೆ ಹೆಪ್ಪುಗಟ್ಟಿದ್ರೂ ನಡುವೆ ಎಷ್ಟೋ ಹೊತ್ತು ಬೆಚ್ಚಗೇ ಇರ್ತದೆ. ಅವತ್ತು ರಾತ್ರಿ ನಮ್ ಬೀದಿ ಕರೆಂಟು ಹೋತು. ಬಂದಿದ್ದು ಗುರುವಾರ ಮಧ್ಯಾಹ್ನದ ಮ್ಯಾಲೆ. ಆ ಹೊತ್ತೆಲ್ಲ ನಾನು ಗಳಿಗೆಗೊಂದು ಸಲ ಬಾಗಿಲು ತೆಗೆದು ನೋಡಾದು, ಇದ್ದ ತಂಪೂ ಹೊರಗೆ ಬಿಡಾದು. ಬೆರಳು ಒತ್ತಿದ್ರೆ ಬಾಡು ಮೆತ್ತಗಾಗಿತ್ತು, ಕೆಂಪು ನೀರು ಕೆಳಗಿನ ತರಕಾರಿ ಮ್ಯಾಲೆ ತೊಟ್ಟಿಕ್ಕಿತ್ತು. ಅವತ್ತೇ ಮನಸ್ಸು ಗಟ್ಟಿ ಮಾಡಿ ತಿಪ್ಪೆಗೆ ಹಾಕಬೇಕಿತ್ತು. ಅಷ್ಟು ದುಡ್ಡು ಕೊಟ್ಟಿದ್ದು, ಮನಸ್ಸು ಬರಲಿಲ್ಲ. ಕರೆಂಟು ಬಂತು, ಮತ್ತೆ ಕಲ್ಲಾತು, "ಸರಿಹೋತು" ಅನ್ಕೊಂಡೆ.

ಭಾನುವಾರ ಬೆಳಿಗ್ಗೆ ಅದನ್ನ ತೆಗೆದು ಅಡುಗೆ ಕಟ್ಟೆ ಮ್ಯಾಲೆ ಇಟ್ಟೆ. ಮಾರ್ಚಿನ ಬಿಸಿಲು. ಹನ್ನೊಂದಕ್ಕೆ ಕವರು ಬಿಚ್ಚಿದಾಗ ಒಂದು ಹುಳಿ ವಾಸ್ನೆ ಮೂಗಿಗೆ ಬಡೀತು. ಜೋರಿರಲಿಲ್ಲ, ಆದ್ರೆ ಇತ್ತು. ಮುಟ್ಟಿದ್ರೆ ಲೋಳೆ ಲೋಳೆ. ನಾನು ಏನು ಮಾಡ್ದೆ ಗೊತ್ತಾ? ಅರಿಶಿನ ಉಪ್ಪು ಹಾಕಿ ಮೂರು ಸಲ ತೊಳೆದೆ. ಶುಂಠಿ ಬೆಳ್ಳುಳ್ಳಿ ದುಪ್ಪಟ್ಟು ಹಾಕಿದೆ, ಚಕ್ಕೆ ಲವಂಗ ಜಾಸ್ತಿ ಮಾಡ್ದೆ. "ಕುಕ್ಕರಿನಾಗೆ ಕುದ್ರೆ ಎಲ್ಲ ಸತ್ತೋಗ್ತದೆ" ಅಂತ ನಂಗೆ ನಾನೇ ಹೇಳ್ಕೊಂಡೆ.

ಎಲ್ಲರೂ ಚೆನ್ನಾಗೈತೆ ಅಂದ್ರು. ಐದು ವರ್ಷದ ಮಗು, ಮೈದುನನ ಮಗಳು, ಎರಡು ಸಲ ಸಾರು ಹಾಕಿಸ್ಕೊಂಡ್ಲು. ಸಂಜೆ ದೀಪ ಹಚ್ಚೋ ಹೊತ್ತಿಗೆ ವಾಂತಿ ಶುರುವಾತು, ಆಮೇಲೆ ಭೇದಿ. ದೊಡ್ಡೋರಿಗೂ ಆತು, ತಡ್ಕೊಂಡ್ರು. ಮಗು ಕಣ್ಣು ಒಳಗೆ ಹೋಗಿ ಕೈಕಾಲು ತಣ್ಣಗಾದ್ವು. ಆಸ್ಪತ್ರೇಲಿ ರಾತ್ರಿಯೆಲ್ಲ ಗ್ಲೂಕೋಸ್ ಹಾಕಿದ್ರು. ವಾರಗಿತ್ತಿ ನನ್ನ ಭುಜಕ್ಕೆ ಒರಗಿ ಅಳ್ತಿದ್ಲು. ಡಾಕ್ಟ್ರು ಕೇಳಿದ್ರು, "ಏನು ತಿಂದಿದ್ರಿ? ಎಷ್ಟು ದಿನದ್ದು?" ನಾನು ಬಾಯಿ ಬಿಡೋಕೆ ಮುಂಚೆ ನಮ್ಮನೆಯವ್ರು "ಹೊಸತೊಡಕಿನ ಬಾಡು ಸಾರ್, ಫ್ರಿಜ್ಜಿನಾಗೇ ಇತ್ತು" ಅಂದ್ರು. ಡಾಕ್ಟ್ರು ಹೇಳಿದ್ದು ಇವತ್ತಿಗೂ ನೆನಪೈತೆ. ಕೆಟ್ಟ ಬಾಡಿನ ಹುಳ ಕುದಿಸಿದ್ರೆ ಸಾಯ್ತದಂತೆ, ಆದ್ರೆ ಕೆಲವು ಹುಳ ಅಷ್ಟೊತ್ತಿಗೆ ಬಿಟ್ಟಿರೋ ವಿಷ ಕುದಿಸಿದ್ರೂ ಹೋಗಲ್ವಂತೆ.

ದ್ಯಾವ್ರು ದೊಡ್ಡೋನು, ಮಗು ಮೂರನೇ ದಿನಕ್ಕೆ ಎದ್ದು ಕುಂತ್ಲು. ಆದ್ರೆ ಬೀದಿ ಹೆಣ್ಮಕ್ಳು ನೋಡಾಕೆ ಬಂದಾಗ "ಏನಾತಕ್ಕ?" ಅಂದ್ರಲ್ಲ, ಆಗ ನನ್ನ ಬಾಯಿಂದ ಬಂದ ಮಾತು: "ಹಬ್ಬದ ರಶ್ಶಲ್ಲಿ ಹಳೇ ಬಾಡು ಬೆರೆಸಿ ಕೊಟ್ಟಿದಾನೆ ಕಣ್ರಮ್ಮ ಅಂಗಡಿಯೋನು." ಒಂದೇ ಮಾತು. ವಾರದಾಗೆ ಬೀದಿಯೆಲ್ಲ ಹಬ್ಬಿತು. ಏಳೆಂಟು ಮನೆಯೋರು ಆ ಅಂಗಡಿ ಬಿಟ್ರು. ಅತ್ತೆ ಅವತ್ತು ಏನೂ ಅನ್ನಲಿಲ್ಲ. ರಾತ್ರಿ ಪಾತ್ರೆ ತೊಳೀವಾಗ ಪಕ್ಕಕ್ಕೆ ಬಂದು ಮೆಲ್ಲಗೆ ಅಂದ್ರು: "ನಿನ್ನ ಮೂಗು ನಿಂಗೆ ಹೇಳಿತ್ತಲ್ಲವ್ವ."

ಅವರಿಗೂ ವಾಸ್ನೆ ಬಡಿದಿತ್ತಂತೆ. ಸೊಸೆ ಮರ್ಯಾದೆ ನೆಂಟರ ಮುಂದೆ ಯಾಕೆ ತೆಗೀಲಿ ಅಂತ ಸುಮ್ಮನಿದ್ರಂತೆ. ಆ ಸುಮ್ಮನಿದ್ದಿದ್ದು ಅವರನ್ನೂ ಬಹಳ ದಿನ ಸುಟ್ಟೈತೆ.

ಒಂದೂವರೆ ವರ್ಷ ಆದ ಮ್ಯಾಲೆ ಅತ್ತೆ ಬಿದ್ದು ಕೈ ಮುರ್ಕೊಂಡ್ರು. ಕಾಲಿನ ಸೂಪು ಬೇಕಾಗಿತ್ತು. "ಅವನತ್ರಾನೇ ತಗೊಂಡು ಬಾ" ಅಂದ್ರು. ಬ್ಯಾರೆ ಅಂಗಡಿ ಇಲ್ವಾ ಅನ್ನಾಕೆ ನಂಗೆ ಬಾಯಿ ಬರಲಿಲ್ಲ. ಹೋದೆ. ಜನ ಇರಲಿಲ್ಲ. ಎಲ್ಲ ಹೇಳ್ದೆ, ಕರೆಂಟು ಹೋಗಿದ್ದು, ವಾಸ್ನೆ ಬಂದಿದ್ದು, ಎಲ್ಲ. ಅವನು ಕಾಲು ಸುಟ್ಟು ಕೆರೀತಾ ಇದ್ದೋನು ತಲೆ ಎತ್ತಲಿಲ್ಲ. "ಅವತ್ತೇ ಗೊತ್ತಿತ್ತಕ್ಕ. ನಿಮ್ಮ ಎದುರಿಗೇ ಕುಯ್ದಿದ್ದೆ. ಹೆಣ್ಮಕ್ಳ ಜೊತೆ ಬೀದೀಲಿ ನಿಂತು ಜಗಳ ಆಡಾಕಾಗ್ತದಾ?" ಅಂದ. ಸ್ವಲ್ಪ ಹೊತ್ತಾದ ಮ್ಯಾಲೆ, "ನಂಗೆ ಹೇಳಿದ್ರೆ ಏನು ಬಂತು, ಅವರಿಗೆ ಹೇಳ್ರಿ" ಅಂದ. ದುಡ್ಡು ಪೂರಾ ಎಣಿಸಿ ತಗೊಂಡ. ತಗೊಂಡಿದ್ದಕ್ಕೆ ನಂಗೆ ಒಂದು ಥರ ಸಮಾಧಾನ ಆತು.

ಬಾಡಿನ ಬಗ್ಗೆ ನಂಗೆ ಗೊತ್ತಿರಾದು ಅರ್ಧ ಅತ್ತೆಯಿಂದ, ಅರ್ಧ ಆಮೇಲೆ ಅವನಿಂದ ಕಲ್ತಿದ್ದು. ಕುಯ್ದ ತಕ್ಷಣದ ಬಾಡನ್ನ ನೇರ ಐಸಿಗೆ ಹಾಕಬಾರದು, ಸೆಟೆದುಕೊಂಡು ರಬ್ಬರ್ ಆಗ್ತದೆ. ಅವತ್ತಿಗೆ ಬೇಕಾದ್ದನ್ನ ಕೂಡಲೇ ಒಲೆ ಮ್ಯಾಲಿಡ್ರಿ. ಉಳಿದಿದ್ದನ್ನ ಅಗಲ ಪಾತ್ರೇಲಿ ಹರಡಿ, ಮುಚ್ಚಿ, ಫ್ರಿಜ್ಜಿನ ಎಲ್ಲಕ್ಕಿಂತ ಕೆಳಗಿನ ತಟ್ಟೆ ಮ್ಯಾಲೆ ಒಂದು ದಿನ ಇಡ್ರಿ. ಬಿಗಿದ ಬಾಡು ತಾನೇ ಸಡಿಲಾಗ್ತದೆ, ನೀರು ತೊಟ್ಟಿಕ್ಕಿದ್ರೂ ಸೊಪ್ಪು ಹಾಲಿನ ಮ್ಯಾಲೆ ಬೀಳಲ್ಲ. ಎರಡು ದಿನದಾಗೆ ಮಾಡಲ್ಲ ಅಂದ್ರೆ ಒಂದೊಂದು ಹೊತ್ತಿಗಾಗೋಷ್ಟು ಚಪ್ಪಟೆ ಪೊಟ್ಟಣ ಮಾಡಿ, ಗಾಳಿ ತೆಗೆದು, ತಾರೀಖು ಬರೆದು ಐಸಿಗೆ ಹಾಕ್ರಿ. ಫ್ರಿಜ್ಜಿನ ಕೆಳಗಡೆ 4 ಡಿಗ್ರಿ, ಐಸಿನ ಖಾನೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರ್ಬೇಕು. ಕೊಚ್ಚಿದ ಖೀಮಾ, ಈಲಿ ಮಾತ್ರ ಇಡಾಕೆ ಹೋಗಬ್ಯಾಡ್ರಿ, ಅವು ಬೇಗ ಕೆಡ್ತವೆ.

ಕರೆಂಟು ಹೋದ್ರೆ ಬಾಗಿಲು ಮುಟ್ಟಬ್ಯಾಡ್ರಿ. ಮುಚ್ಚಿದ್ರೆ ಕೆಳಗಿನ ತಂಪು ನಾಕು ಗಂಟೆ ತಡೀತದೆ. ನಾನೀಗ ಐಸಿನ ಖಾನೇಲಿ ಒಂದು ಸ್ಟೀಲ್ ಲೋಟ ನೀರು ಹೆಪ್ಪುಗಟ್ಟಿಸಿ ಮ್ಯಾಲೊಂದು ರೂಪಾಯಿ ಇಟ್ಟಿರ್ತೀನಿ. ಊರಿಗೆ ಹೋಗಿ ಬಂದಾಗ ರೂಪಾಯಿ ಐಸಿನ ತಳದಾಗೆ ಸಿಕ್ಕಿದ್ರೆ ನಡುವೆ ಎಲ್ಲ ಕರಗಿ ಮತ್ತೆ ಗಟ್ಟಿ ಆಗೈತೆ ಅಂತ ಅರ್ಥ. ಅವತ್ತು ನಂಗೆ ಈ ಬುದ್ಧಿ ಬ್ಯಾಡಾಗಿತ್ತು, ಕಣ್ಣಾರೆ ನೋಡಿದ್ದೆನಲ್ಲ.

ಬೇಯಿಸಾಕೆ ಬಂದ್ರೆ, ಕುದಿಯೋ ಬಾಡಿಗೆ ತಣ್ಣೀರು ಸುರೀಬ್ಯಾಡ್ರಿ, ಬಿಸಿನೀರು ಹಾಕ್ರಿ. ಟೊಮೊಟೊ, ಹುಣಸೆಹಣ್ಣು ಬಾಡು ಮುಕ್ಕಾಲು ಬೆಂದ ಮ್ಯಾಲೆ. ಗಟ್ಟಿ ಬಾಡಿಗೆ ಪರಂಗಿಕಾಯಿ ರಸ ಅರ್ಧ ಗಂಟೆ ಸಾಕು, ರಾತ್ರಿಯೆಲ್ಲ ಬಿಟ್ರೆ ಹಿಟ್ಟಾಗ್ತದೆ. ಉಳಿದ ಸಾರನ್ನ ದೊಡ್ಡ ಪಾತ್ರೇಲೇ ಒಲೆ ಮ್ಯಾಲೆ ಬಿಟ್ಟು ಮಲಗಬ್ಯಾಡ್ರಿ, ಸಣ್ಣ ಪಾತ್ರೆಗೆ ಬಗ್ಗಿಸಿ ಆರಿಸಿ ಒಳಗಿಡ್ರಿ, ಮಾರನೇ ದಿನ ತಳದಿಂದ ಕುದಿಸ್ರಿ.

ಅತ್ತೆ ಈಗಿಲ್ಲ. ಅಂಗಡಿ ಅಣ್ಣ ಅಂಗಡಿ ಮುಚ್ಚಿ ವರ್ಷಗಳಾದ್ವು. ಮಗು ದೊಡ್ಡೋಳಾಗಿ ಕಾಲೇಜಿಗೆ ಹೋಗ್ತಾಳೆ, ನಮ್ಮನೇಲಿ ಈಗಲೂ ಬಾಡಿನ ಸಾರು ಬಡಿಸ್ಕೊಳ್ಳೋ ಮುಂಚೆ ಒಮ್ಮೆ ಮೂಸಿ ನೋಡ್ತಾಳೆ. ತಮಾಷೆಗೆ ಅಂತ ಎಲ್ಲರೂ ನಗ್ತಾರೆ. ನಾನು ನಗಲ್ಲ.

ಇಸ್ಕೂಲಲ್ಲಿದ್ದಾಗ ನಮ್ಮನ್ನ ಬ್ರಹ್ಮಗಿರಿಗೆ ಕರ್ಕೊಂಡು ಹೋಗಿದ್ರು. ಅಶೋಕ ಬರೆಸಿದ ಬಂಡೆ. ಅಪ್ಪ ಅವ್ವನ ಮಾತು ಕೇಳಬೇಕು, ಜೀವ ಇರೋವುಗಳ ಮ್ಯಾಲೆ ಕರುಣೆ ಇರ್ಬೇಕು, ನಿಜ ಹೇಳಬೇಕು ಅಂತ ಅದರಾಗೈತೆ ಅಂತ ಮೇಷ್ಟ್ರು ಹೇಳಿದ್ರು. ನಾವು ಬುತ್ತಿ ಯಾವಾಗ ಬಿಚ್ಚಾದು ಅಂತ ನೋಡ್ತಿದ್ವಿ.

ಅಂಗಡಿ ಅಣ್ಣ ಹೇಳಿದ ಮ್ಯಾಲೆ ನಾನು ಎರಡು ಮನೆಗೆ ಹೋಗಿ ನಿಜ ಹೇಳಿ ಬಂದೆ. ಮೂರನೇ ಮನೆ ಬಾಗಿಲಲ್ಲಿ ನಾಚಿಕೆಯಾಗಿ ವಾಪಸ್ ಬಂದೆ. ಉಳಿದೋರಿಗೆ ಇವತ್ತು ಹೇಳ್ತಿದೀನಿ. 2010ರಾಗೆ ನನ್ನ ಮಾತು ನಂಬಿ ಆ ಅಂಗಡಿ ಬಿಟ್ಟ ಅಕ್ಕತಂಗೀರೆ, ಅವನು ಕೊಟ್ಟಿದ್ದು ಒಳ್ಳೇ ಬಾಡು. ಕೆಡಿಸಿದ್ದು ನಾನು.