ಅಪ್ಪನ ಮೀಟರು, ಮಗನ ಹುಳು

ಜಿರಳೆ ಕಂಡೊಡನೆ ಪೊರಕೆ ಹುಡುಕುವವರೇ ಹೆಚ್ಚು. ಅದು ಓಡುವಾಗ ಕಾಲುಗಳನ್ನು ಹೇಗೆ ಇಡುತ್ತದೆಂದು ನೋಡಿದವರು ಕಡಿಮೆ. ಅರಸೀಕೆರೆಯ ಆ ಹತ್ತನೇ ತರಗತಿಯ ಹುಡುಗ ನೋಡಿದ್ದ. ಬಚ್ಚಲಿನ ಜಿರಳೆಯ ಮೇಲೆ ಗಾಜಿನ ಬಟ್ಟಲು ಬೋರಲು ಹಾಕಿ, ಅದರ ಓಡಾಟವನ್ನು ಮೊಬೈಲಿನಲ್ಲಿ ಚಿತ್ರ ತೆಗೆದು, ನಿಧಾನವಾಗಿ ಓಡಿಸಿ ನೋಡಿದ್ದ. ಎಡಗಡೆಯ ಮುಂಗಾಲು ಮತ್ತು ಹಿಂಗಾಲು, ಬಲಗಡೆಯ ನಡುಗಾಲು, ಇವು ಮೂರೂ ನೆಲದ ಮೇಲೆ. ಉಳಿದ ಮೂರು ಗಾಳಿಯಲ್ಲಿ. ಮರುಕ್ಷಣ ಅದಲುಬದಲು. ಮೂರು ಕಲ್ಲಿನ ಒಲೆಯ ಮೇಲೆ ಪಾತ್ರೆ ಅಲುಗುವುದಿಲ್ಲವಷ್ಟೆ? ಹುಳು ಹೆಜ್ಜೆ ಹೆಜ್ಜೆಗೂ ಅಂಥದೊಂದು ಒಲೆ ಹೂಡುತ್ತಾ ಹೋಗುತ್ತದೆ.

ಇದನ್ನೇ ಯಂತ್ರವಾಗಿ ಮಾಡಬೇಕೆಂಬ ಹುಚ್ಚು ಹಿಡಿದದ್ದು ಆಗ. ಈ ಹುಚ್ಚು ಅವನೊಬ್ಬನದೇ ಅಲ್ಲ. ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ರಾಡ್ನಿ ಬ್ರೂಕ್ಸ್ ಮತ್ತು ಅವರ ಶಿಷ್ಯರು 1980ರ ದಶಕದ ಕೊನೆಯಲ್ಲಿ ‘ಗೆಂಘಿಸ್’ ಎಂಬ ಆರು ಕಾಲಿನ ರೋಬೋ ಮಾಡಿದ್ದರು. ಉದ್ದ ಒಂದು ಅಡಿಗಿಂತ ತುಸು ಹೆಚ್ಚು, ತೂಕ ಸುಮಾರು ಒಂದು ಕಿಲೋ, ಕಾಲಿಗೆ ಎರಡರಂತೆ ಹನ್ನೆರಡು ಮೋಟಾರು. ಎಲ್ಲ ಕಾಲುಗಳಿಗೂ ಅಪ್ಪಣೆ ಕೊಡುವ ದೊಡ್ಡ ಮಿದುಳೊಂದು ಅದರಲ್ಲಿ ಇರಲಿಲ್ಲ. ಪುಟ್ಟ ಪುಟ್ಟ ನಿಯಮಗಳು ಒಂದರ ಮೇಲೊಂದು ಕೂಡಿ ನಡಿಗೆಯಾಗುತ್ತಿತ್ತು. ಬೇರೆ ಗ್ರಹಗಳಿಗೆ ದೊಡ್ಡ ದುಬಾರಿ ಯಂತ್ರವೊಂದನ್ನು ಕಳಿಸುವ ಬದಲು ಇಂಥ ಅಗ್ಗದ ಹುಳುಗಳ ಹಿಂಡನ್ನೇ ಕಳಿಸಬಾರದೇಕೆ ಎಂದು ಬ್ರೂಕ್ಸ್ ಮತ್ತು ಅನಿಟಾ ಫ್ಲಿನ್ 1989ರಲ್ಲಿ ಒಂದು ಪ್ರಬಂಧ ಬರೆದರು. ಗೆಂಘಿಸ್ ಈಗ ವಾಷಿಂಗ್ಟನ್ನಿನ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಅರಸೀಕೆರೆಯ ಹುಳುವಿಗೆ ಕಾಲಿಗೆ ಮೂರರಂತೆ ಹದಿನೆಂಟು ಮೋಟಾರು ಬೇಕಿತ್ತು. ಒಂದು ಕಾಲನ್ನು ಹಿಂದೆ ಮುಂದೆ ಆಡಿಸಲು, ಒಂದು ಎತ್ತಿ ಇಳಿಸಲು, ಇನ್ನೊಂದು ಮೊಣಕಾಲಿಗೆ. ಇವು ಬರೀ ಗಿರಗಿರ ತಿರುಗುವ ಮೋಟಾರುಗಳಲ್ಲ, ಸರ್ವೋಗಳು. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಡಬ್ಬಿಯೊಳಗೆ ಮೋಟಾರು, ಹಲ್ಲುಚಕ್ರಗಳು, ತಾನೆಷ್ಟು ತಿರುಗಿದ್ದೇನೆಂದು ಅಳೆದುಕೊಳ್ಳುವ ಒಂದು ಸಾಧನ ಎಲ್ಲ ಇರುತ್ತವೆ. ಸೆಕೆಂಡಿಗೆ ಐವತ್ತು ಸಲ ಅದಕ್ಕೊಂದು ವಿದ್ಯುತ್ ಮಿಡಿತ ಕಳಿಸಬೇಕು. ಮಿಡಿತದ ಅವಧಿ ಒಂದೂವರೆ ಮಿಲಿಸೆಕೆಂಡು ಇದ್ದರೆ ತೋಳು ನಡುವೆ ನಿಲ್ಲುತ್ತದೆ. ಒಂದರತ್ತ ಇಳಿದರೆ ಒಂದು ಪಕ್ಕಕ್ಕೆ, ಎರಡರತ್ತ ಏರಿದರೆ ಇನ್ನೊಂದು ಪಕ್ಕಕ್ಕೆ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೋದರಮಾವನ ಮಗ ತಂದುಕೊಟ್ಟ. ಒಂದಕ್ಕೆ 110 ರೂಪಾಯಿ, ಹದಿನೆಂಟಕ್ಕೆ 1,980. ಟ್ಯೂಷನ್ನಿಗೆ ಕಟ್ಟಲೆಂದು ಅಪ್ಪ ಕೊಟ್ಟಿದ್ದ ಹಣ 2,000.

ಇಲ್ಲಿ ಅವನ ಪರ ವಹಿಸಿ ಮಾತನಾಡುವುದು ಸರಿಯಲ್ಲ. ವಿಜ್ಞಾನದ ಹೆಸರಿನಲ್ಲಿ ಹೇಳಿದರೂ ಸುಳ್ಳು ಸುಳ್ಳೇ. ಹುಡುಗ ಒಂದು ತಿಂಗಳು ಟ್ಯೂಷನ್ನಿಗೆಂದು ಹೊರಟು ಸ್ನೇಹಿತನ ಮನೆಯ ಅಟ್ಟದಲ್ಲಿ ಕುಳಿತ. ಅಕ್ರಿಲಿಕ್ ಹಾಳೆ ಕೊಯ್ದು ಕಾಲು ಮಾಡಿದ. ಗೆಳೆಯನೊಬ್ಬನಿಂದ ಕಡ ತಂದ ಆರ್ಡುವಿನೋ ಬೋರ್ಡಿಗೆ ಹದಿನೆಂಟು ಸರ್ವೋ ನಡೆಸುವಷ್ಟು ಕವಲುಗಳಿಲ್ಲ. ಹದಿನಾರು ಸರ್ವೋಗಳ ಸಹಾಯಕ ಬೋರ್ಡೊಂದು ಸಿಗುತ್ತದೆ, ಆದರೆ ಇನ್ನೆರಡು ಕಾಲುಕೀಲು ಉಳಿಯುತ್ತವೆ! ಆ ಎರಡರ ದೆಸೆಯಿಂದ ಎರಡನೆಯ ಬೋರ್ಡು. ಎಲ್ಲ ಜೋಡಿಸಿ ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಹುಳು ಏಳಲು ಹೊರಟು, ಗಡಗಡ ನಡುಗಿ, ಕುಸಿದು ಕುಳಿತಿತು. ಮತ್ತೆ ತಾನಾಗಿ ಏಳಲು ಹೊರಟಿತು, ಮತ್ತೆ ಕುಸಿಯಿತು. ಪ್ರೋಗ್ರಾಮಿನಲ್ಲಿ ತಪ್ಪಿದೆಯೆಂದು ಹುಡುಗ ಹತ್ತು ದಿನ ಸಾಲು ಸಾಲು ತಿದ್ದಿದ.

ಅಷ್ಟರಲ್ಲಿ ಟ್ಯೂಷನ್ ಮೇಷ್ಟರು ಮನೆಗೆ ಫೋನ್ ಮಾಡಿದರು.

ಅಪ್ಪನಿಗೆ ಬಸ್ ನಿಲ್ದಾಣದ ಹತ್ತಿರ ಬ್ಯಾಟರಿ ಅಂಗಡಿ. ಬೈಕು, ಆಟೋಗಳ ವೈರಿಂಗ್ ಕೆಲಸವೂ ಉಂಟು. ಓದಿದ್ದು ಒಂಬತ್ತನೇ ತರಗತಿ. ಮಗ ತನ್ನಂತೆ ಆಸಿಡ್ಡಿನಲ್ಲಿ ಅಂಗಿ ತೂತು ಮಾಡಿಕೊಳ್ಳಬಾರದೆಂಬುದೊಂದೇ ಅವರ ಹಟ. ಹೊಡೆಯಲಿಲ್ಲ, ಬೈಯಲಿಲ್ಲ. ಮೂರು ದಿನ ಮಾತೇ ಆಡಲಿಲ್ಲ. ಅಮ್ಮ ಮಾತ್ರ, “ಆ ಹುಳದ ಹಿಂದೆ ಬಿದ್ದು ಹುಡುಗ ಕೆಟ್ಟ” ಎಂದು ಬಂದವರೆದುರೆಲ್ಲ ಅತ್ತರು. ಹುಳು ಅಂಗಡಿಯ ಅಟ್ಟ ಸೇರಿತು. ನಾಲ್ಕನೆಯ ದಿನ ಅಪ್ಪ ಹೇಳಿದ್ದು ಇಷ್ಟು: “ಎರಡು ಸಾವಿರ ತೀರೋವರೆಗೂ ಭಾನುವಾರ ಅಂಗಡೀಲಿ ಕೆಲಸ ಮಾಡು.”

ಹುಡುಗ ಟರ್ಮಿನಲ್ ಉಜ್ಜಿದ, ಡಿಸ್ಟಿಲ್ಡ್ ವಾಟರ್ ತುಂಬಿದ. ಮೂರನೆಯ ಭಾನುವಾರ ಒಬ್ಬರು ಹಳೆಯ ಬೈಕು ತಂದರು. ಹೆಡ್‌ಲೈಟ್ ಉರಿಯುತ್ತಿದ್ದಾಗ ಸೆಲ್ಫ್ ಒತ್ತಿದರೆ ಬೆಳಕು ಮಿಣುಕಾಗಿ ಹೋಗುತ್ತಿತ್ತು. ಎಂಜಿನ್ ಮಾತ್ರ ಹೊತ್ತಿಕೊಳ್ಳದು. ಹುಡುಗ ಕೈಯಲ್ಲಿದ್ದ ಬಟ್ಟೆ ಹಾಗೇ ಹಿಡಿದುಕೊಂಡು ನಿಂತ.

“ಅಪ್ಪ, ಇದು ಯಾಕೆ ಹೀಗೆ?”

“ಲೋಡ್ ಬಿದ್ದಾಗ ವೋಲ್ಟೇಜ್ ಕೂತುಬಿಡುತ್ತೆ ಕಣೋ. ಬ್ಯಾಟರಿಗೆ ಅಷ್ಟು ಕರೆಂಟ್ ಕೊಡೋ ಶಕ್ತಿ ಇಲ್ಲ.”

“ನನ್ನ ಹುಳಕ್ಕೂ ಅದೇ ಆಗಿರಬೇಕು.”

ಅಪ್ಪ ಗಿರಾಕಿಯನ್ನು ಕಳಿಸಿಕೊಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, ಸ್ಟೂಲು ಹಾಕಿಕೊಂಡು ತಾವೇ ಅಟ್ಟದಿಂದ ಹುಳು ಇಳಿಸಿದರು. ಅವರದು ಮುಳ್ಳಿನ ಹಳೇ ಮೀಟರು. ಅಂಕಿ ತೋರಿಸುವ ಹೊಸ ಮೀಟರಿನಲ್ಲಿ ಇಂಥ ಕ್ಷಣಿಕ ಕುಸಿತ ಕಣ್ಣಿಗೆ ಬೀಳುವುದು ಕಷ್ಟ. ಹುಳು ಏಳಲು ಹೊರಟಿತು, ಮುಳ್ಳು ದಬಕ್ಕನೆ ಬಿತ್ತು, ಹುಳು ಕುಸಿಯಿತು, ಮುಳ್ಳು ಎದ್ದಿತು. ಪ್ರೋಗ್ರಾಮಿನಲ್ಲಿ ತಪ್ಪೇ ಇರಲಿಲ್ಲ. ಸರ್ವೋಗಳು ಒಟ್ಟಿಗೆ ಎಳೆದಾಗ ಆಂಪಿಯರುಗಟ್ಟಲೆ ಬೇಕು. ಅದೇ ನಾಲ್ಕು ಸೆಲ್ಲಿನಿಂದ ಬದುಕುತ್ತಿದ್ದ ಆರ್ಡುವಿನೋ ಪ್ರತಿಸಲವೂ ಎಚ್ಚರ ತಪ್ಪಿ ಮೊದಲಿನಿಂದ ಶುರುಮಾಡುತ್ತಿತ್ತು. ಅಪ್ಪ ಬೈಕಿನ ಬ್ಯಾಟರಿಗೆ ವೋಲ್ಟೇಜ್ ಇಳಿಸುವ ಸಾಧನ ಸೇರಿಸಿ, ಐದು ವೋಲ್ಟು ಮಾಡಿ, ಕಾಲುಗಳಿಗೆ ದಪ್ಪ ವೈರು ಎಳೆದುಕೊಟ್ಟರು. ಬ್ಯಾಟರಿ ನೆಲದ ಮೇಲೆ, ಹುಳು ಮೇಜಿನ ಮೇಲೆ. ಎದ್ದು ನಿಂತಿತು!

ಆಮೇಲೆ ಎರಡು ಲಿಥಿಯಂ ಸೆಲ್‌ಗಳು ಹುಳುವಿನ ಬೆನ್ನೇರಿದವು. (ಮಕ್ಕಳೇ, ಈ ಸೆಲ್ಲುಗಳ ತುದಿಗಳು ಒಂದಕ್ಕೊಂದು ತಗುಲಿದರೆ ಬೆಂಕಿಯೇ ಹತ್ತಬಹುದು. ಹಿರಿಯರು ಪಕ್ಕದಲ್ಲಿಲ್ಲದೆ ಮುಟ್ಟಬೇಡಿ.)

ಆದರೆ ನಡೆಯತೊಡಗಿದ ಎರಡೇ ದಿನದಲ್ಲಿ ಬಲ ನಡುಗಾಲಿನ ಸರ್ವೋದ ಹಲ್ಲು ಸವೆಯಿತು. ಹೊಸದು ಹಾಕಿದ. ಎಡ ನಡುಗಾಲಿನದು ಹೋಯಿತು. ಮುಂದಿನದೂ ಹಿಂದಿನದೂ ಏಕೆ ಹೋಗುತ್ತಿಲ್ಲ? ಹುಡುಗನ ಲೆಕ್ಕ ಹೀಗಿತ್ತು: ಹುಳುವಿನ ತೂಕ 600 ಗ್ರಾಂ, ನೆಲದ ಮೇಲೆ ಮೂರು ಕಾಲು, ಕಾಲಿಗೆ 200. ಕೀಲಿನಿಂದ ಪಾದ 8 ಸೆಂ.ಮೀ. ದೂರ. ಅಂದರೆ ಬೇಕಾದ ತಿರುಗುಬಲ 1.6 ಕಿಲೋ-ಸೆಂ.ಮೀ. ಸರ್ವೋದ ಶಕ್ತಿ 1.8. ಸಾಕಲ್ಲ!

ಸಾಲದು. ಮೂರು ಕಾಲಲ್ಲಿ ಎರಡು ಒಂದು ಪಕ್ಕದವು, ಇನ್ನೊಂದು ಪಕ್ಕಕ್ಕೆ ನಡುಗಾಲೊಂದೇ. ಹುಳು ಪಕ್ಕಕ್ಕೆ ವಾಲದಿರಬೇಕಾದರೆ ಆ ಒಂಟಿ ಕಾಲು ಅರ್ಧ ಭಾರ ಹೊರಲೇಬೇಕು. 300 ಗ್ರಾಂ, 8 ಸೆಂ.ಮೀ., ಅಂದರೆ 2.4. ಅಡ್ಡೆಯ ಒಂದು ತುದಿಗೆ ಇಬ್ಬರು, ಇನ್ನೊಂದು ತುದಿಗೆ ಒಬ್ಬ ಹೆಗಲು ಕೊಟ್ಟರೆ ಯಾರ ಹೆಗಲು ಉಬ್ಬುತ್ತದೆ? ಹತ್ತನೇ ತರಗತಿಯವರು ಮೂರರಿಂದ ಭಾಗಿಸುವುದಕ್ಕೆ ಮುನ್ನ ಚಿತ್ರ ಬರೆಯಬೇಕೆಂದು ಮೇಷ್ಟರುಗಳು ಹೇಳುವುದು ಇದಕ್ಕೇ. ಹೇಳಿದರೆ ಕೇಳುವವರು ಯಾರು! ಹುಡುಗ ಕಾಲುಗಳನ್ನು ಒಳಗೆ ಎಳೆದು ಆ ದೂರವನ್ನು 5 ಸೆಂ.ಮೀ.ಗೆ ಇಳಿಸಿದ. ಬೇಕಾದ ಬಲ 1.5ಕ್ಕೆ ಇಳಿಯಿತು. ಹೆಜ್ಜೆ ಚಿಕ್ಕದಾಯಿತು, ಹಲ್ಲು ಉಳಿಯಿತು.

ಹುಳುವನ್ನು ಓಡಿಸುವುದು ಮೊಬೈಲಿನಿಂದ, ಬ್ಲೂಟೂತ್ ಮೂಲಕ. ಗುಂಡಿ ಒತ್ತಿದರೆ ಒಂದು ಅಕ್ಷರ ಹೋಗುತ್ತದೆ, ಇನ್ನೊಂದು ಅಕ್ಷರ ಬರುವವರೆಗೂ ಹುಳು ಅದನ್ನೇ ಪಾಲಿಸುತ್ತದೆ. ಒಮ್ಮೆ ‘ಮುಂದೆ’ ಎಂದಮೇಲೆ ಸಂಪರ್ಕ ಕಡಿಯಿತು. ಹುಡುಗ ‘ನಿಲ್ಲು’ ಒತ್ತುತ್ತಲೇ ಇದ್ದ. ವಿಧೇಯ ಹುಳು ಮೇಜಿನ ಅಂಚಿನವರೆಗೂ ನಡೆದು, ಅಲ್ಲಿಂದಲೂ ನಡೆಯಿತು. ಎರಡು ಕಾಲು ಮುರಿದವು. ಅಮ್ಮ ಅಂದು ಏನೂ ಹೇಳದೆ ಅಕ್ರಿಲಿಕ್ ಚೂರುಗಳನ್ನು ಗುಡಿಸಿ ಒಂದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಟ್ಟರು. ಈಗ ಮೊಬೈಲು ಅಪ್ಪಣೆಯನ್ನು ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ಅರ್ಧ ಸೆಕೆಂಡು ಏನೂ ಬಾರದಿದ್ದರೆ ಹುಳು ತಾನಾಗಿ ನಿಲ್ಲುತ್ತದೆ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ ಬಂದದ್ದು 80ಕ್ಕೆ 49. ಹುಳುವಿನಿಂದ ಅಂಕ ಏರಿತೆಂದು ಬರೆಯಲು ಚೆನ್ನಾಗಿರುತ್ತಿತ್ತು, ಏರಲಿಲ್ಲ. ಟ್ಯೂಷನ್ನಿಗೆ ಮತ್ತೆ ಸೇರಿದ್ದಾನೆ. ಎರಡು ಸಾವಿರದಲ್ಲಿ ಇನ್ನೂ ಆರು ನೂರು ತೀರಬೇಕು. ಭಾನುವಾರ ಅಂಗಡಿಯ ಕೆಲಸ ಮುಗಿದಮೇಲೆ ಒಂದು ಗಂಟೆ ಹುಳುವಿಗೆ ಎಂದು ಅಪ್ಪನೇ ಗೊತ್ತುಮಾಡಿದ್ದಾರೆ.

ಕಳೆದ ಭಾನುವಾರ ಅದು ಅಂಗಡಿಯ ಹೊಸ್ತಿಲವರೆಗೂ ಬಂತು. ಮುಂಗಾಲು ಎತ್ತಿತು, ತಾಗಿತು, ಜಾರಿತು. ಮತ್ತೆ ಎತ್ತಿತು. ಚಹಾ ಕುಡಿಯುತ್ತಿದ್ದ ಗಿರಾಕಿಗಳು ನಕ್ಕರು. ಅಪ್ಪ ನಗಲಿಲ್ಲ. ಲೋಟ ಕೆಳಗಿಟ್ಟು, ಕುಕ್ಕರುಗಾಲಿನಲ್ಲಿ ಕೂತು, ಹೊಸ್ತಿಲಿಗೂ ಹುಳುವಿನ ಪಾದಕ್ಕೂ ನಡುವೆ ಬೆರಳಿಟ್ಟು ಅಳೆದರು.

“ಇನ್ನೊಂದು ಬೆರಳು ಎತ್ತಬೇಕು ಕಣೋ.”