ಧೈರ್ಯ ಹೇಳದ ಒಬ್ಬರು ಬೇಕಿತ್ತು

ನನಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿ ಒಂದೂವರೆ ವರ್ಷ ಆಯ್ತು. ವಯಸ್ಸು 28. ಆಪರೇಷನ್, ಕೀಮೋ, ರೇಡಿಯೇಷನ್ ಮುಗಿದು ಈಗ ದಿನಕ್ಕೊಂದು ಟಮಾಕ್ಸಿಫೆನ್ ಮಾತ್ರೆ. ಬೆಂಗಳೂರಿನ ರೂಮು ಖಾಲಿ ಮಾಡಿ ಬಾಳೆಲೆಯ ಮನೆಯಿಂದಲೇ ಆಫೀಸಿನ ಕೆಲಸ ಮಾಡ್ತಿದೀನಿ. ಗಡ್ಡೆಯ ಬಗ್ಗೆ ಕೇಳೋರು ಬೇಕಾದಷ್ಟು ಜನ ಇದಾರೆ, ಅದು ಬೇಡ. ಮನಸ್ಸಿಗೆ ಒಬ್ಬ ಡಾಕ್ಟರನ್ನ ಹುಡುಕಿದ ಕತೆ ಬರೀತೀನಿ.

ವಿಚಿತ್ರ ಅಂದ್ರೆ ಚಿಕಿತ್ಸೆ ನಡೀವಾಗ ನಾನು ಚೆನ್ನಾಗೇ ಇದ್ದೆ. 21 ದಿನಕ್ಕೊಂದು ಕೀಮೋ, ನಡುವೆ ರಕ್ತ ಪರೀಕ್ಷೆ.. ಪ್ರಾಜೆಕ್ಟ್ ಪ್ಲಾನಿನ ಥರ ಎಲ್ಲಕ್ಕೂ ತಾರೀಕು ಇತ್ತು. "ಇನ್ನು ಮೂರು ತಿಂಗಳು ಬಿಟ್ಟು ಬನ್ನಿ" ಅಂದ ದಿನದಿಂದ ನಿದ್ದೆ ಹೋಯ್ತು. ಬೆನ್ನು ನೋವು ಬಂದ್ರೆ ಮೂಳೆಗೆ ಹರಡಿತಾ? ಕೆಮ್ಮಿದ್ರೆ ಶ್ವಾಸಕೋಶಕ್ಕಾ? ಬಾಳೆಲೆಯ ಮಳೆಗಾಲದಲ್ಲಿ ಕೆಮ್ಮದೇ ಇರೋರು ಯಾರು ಹೇಳಿ!

ಅಮ್ಮ "ಧೈರ್ಯ ತಂದ್ಕೋ ಮಗಾ" ಅಂತಾಳೆ. ಪಕ್ಕದ ತೋಟದ ಆಂಟಿ "ಈಗೆಲ್ಲ ಇದು ನೆಗಡಿ ಇದ್ದ ಹಾಗೆ" ಅಂತಾರೆ. ಪ್ರೀತಿಯಿಂದಲೇ ಹೇಳೋದು, ಗೊತ್ತು. ಆದ್ರೆ ಅಮ್ಮನ ಎದುರು ನಾನು ಅತ್ತರೆ ಅವಳೂ ಅಳ್ತಾಳೆ, ಆಮೇಲೆ ಇಬ್ಬರಿಗೂ ಸಮಾಧಾನ ಮಾಡೋ ಕೆಲಸ ನಂದೇ. ಧೈರ್ಯದಿಂದ ಇರಲೇಬೇಕು ಅನ್ನೋ ಕರಾರಿಲ್ಲದೆ ಮಾತಾಡೋಕೆ ಒಬ್ಬರು ಬೇಕಿತ್ತು.

ಮೊದಲು ಚಿಕಿತ್ಸೆ ಪಡೆದ ಆಸ್ಪತ್ರೆಯಲ್ಲೇ ಕೇಳಿದೆ. "ಯೋಗ ಮಾಡಿ, ಪಾಸಿಟಿವ್ ಆಗಿರಿ" ಅಂದ್ರು. ಆಮೇಲೆ ಇಂಟರ್ನೆಟ್ಟಲ್ಲಿ ಒಬ್ಬರು ಕೌನ್ಸೆಲರ್ ಸಿಕ್ಕಿದ್ರು. ಕರೆಂಟ್ ಹೋದ್ರೆ ವೈಫೈ ಇಲ್ಲ, ಹಾಗಾಗಿ ಕಾಫಿ ಕಣದ ಮೂಲೆಯಲ್ಲಿ ಕೊಡೆ ಹಿಡ್ಕೊಂಡು ನಿಂತು ಮಾತಾಡ್ತಿದ್ದೆ. ಮೂರನೇ ಸಲ ಅವರು "ನೀವು ಸಿಟ್ಟನ್ನ ಒಳಗೇ ಇಟ್ಕೊಂಡಿದ್ದೇ ಗಡ್ಡೆ ಆಗಿದೆ" ಅಂದ್ರು. ಸಿಟ್ಟಿನಿಂದ ಸ್ತನ ಕ್ಯಾನ್ಸರ್ ಬರತ್ತೆ ಅನ್ನೋದಕ್ಕೆ ಗಟ್ಟಿ ಆಧಾರವೇ ಇಲ್ಲ. ಆವತ್ತು ಮಾತ್ರ ಸಿಟ್ಟನ್ನ ಒಳಗಿಟ್ಕೊಳ್ಳಲಿಲ್ಲ, ಹೊರಗೇ ಹಾಕಿ ಫೋನಿಟ್ಟೆ :)

ಆಮೇಲೆ ಓದೋಕೆ ಶುರು ಮಾಡಿದೆ. ಸೈಕಿಯಾಟ್ರಿಸ್ಟ್ ಅಂದ್ರೆ ಎಂಬಿಬಿಎಸ್ ಆದ ಮೇಲೆ ಮನೋವೈದ್ಯ ಓದಿದವರು, ಮಾತ್ರೆ ಬರೀಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಕೊಡೋರು, ಅವರಿಗೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇರಬೇಕು, ಕೇಳಿ ನೋಡಬಹುದು. ಬರೀ 'ಕೌನ್ಸೆಲರ್' ಅನ್ನೋ ಬೋರ್ಡನ್ನ ಯಾರು ಬೇಕಾದ್ರೂ ಹಾಕ್ಕೊಳ್ತಾರೆ. ಕ್ಯಾನ್ಸರ್ ರೋಗಿಗಳ ಮನಸ್ಸಿಗಂತಲೇ ಸೈಕೋ-ಆಂಕಾಲಜಿ ಅನ್ನೋ ವಿಭಾಗವೇ ಇದೆ. ನ್ಯೂಯಾರ್ಕಿನಲ್ಲಿ ಜಿಮ್ಮಿ ಹಾಲೆಂಡ್ ಅನ್ನೋ ವೈದ್ಯೆ 1970ರ ದಶಕದಲ್ಲಿ ಅದನ್ನ ಕಟ್ಟಿದ್ರು. ನಮ್ಮ ನಿಮ್ಹಾನ್ಸಿನಲ್ಲಿ ಡಾ. ಸಂತೋಷ್ ಚತುರ್ವೇದಿ ವರ್ಷಗಟ್ಟಲೆ ಇದೇ ಕೆಲಸ ಮಾಡಿದ್ರು. ಅಂದ್ರೆ ನನಗೆ ಬೇಕಾದ್ದು ಲೋಕದಲ್ಲಿ ಇದೆ, ಬಾಳೆಲೆಗೆ ಬಂದಿಲ್ಲ ಅಷ್ಟೇ.

ಒಂದು ರಾತ್ರಿ ಒಂದೂವರೆಗೆ 14416 ಒತ್ತಿದೆ. ಇದು ಟೆಲಿ-ಮಾನಸ್, 10 ಅಕ್ಟೋಬರ್ 2022ರಂದು ಶುರುವಾದ ಸರ್ಕಾರದ ಸಹಾಯವಾಣಿ, ಇದಕ್ಕೆ ನಿಮ್ಹಾನ್ಸ್ ಮುಖ್ಯ ಕೇಂದ್ರ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ವೀಡಿಯೋ ಬೇಕಿಲ್ಲ, ಮಾಮೂಲಿ ಫೋನ್ ಸಾಕು. ಆ ಕಡೆಯ ಹೆಂಗಸು ಧೈರ್ಯ ಹೇಳಲಿಲ್ಲ. "ರಾತ್ರಿ ಮೊದಲು ಯಾವ ಯೋಚನೆ ಬರತ್ತೆ?" ಅಂತ ಕೇಳಿ ಸುಮ್ಮನಾದ್ರು. ಯಾರಿಗೂ ಹೇಳದ್ದು ಬಾಯಿಂದ ಬಂತು. "ಸತ್ತರೆ ಅಂತಲ್ಲ. ಬದುಕಿದ್ರೆ ಇಡೀ ಜೀವನ ಹೀಗೇ ಮೂರು ಮೂರು ತಿಂಗಳ ಲೆಕ್ಕದಲ್ಲೇ ಬದುಕಬೇಕಾ ಅಂತ."

ಮನೋವೈದ್ಯರನ್ನ ಕಾಣೋಕೆ ಅವರೇ ಹೇಳಿದ್ರು. ಮಡಿಕೇರಿಯಲ್ಲಿ ಕಂಡೆ. ಮೊದಲ ಪ್ರಶ್ನೆಯೇ "ಬೇರೆ ಯಾವ ಮಾತ್ರೆ ತಗೋತಿದೀರಾ?" ಟಮಾಕ್ಸಿಫೆನ್ ಕೆಲಸ ಮಾಡಬೇಕಾದ್ರೆ ಲಿವರಿನ ಒಂದು ಎಂಜೈಮು ಅದನ್ನ ಬದಲಾಯಿಸಬೇಕಂತೆ. ಪ್ಯಾರಾಕ್ಸಿಟೀನ್, ಫ್ಲೂಆಕ್ಸಿಟೀನ್ ಥರದ ಖಿನ್ನತೆಯ ಮಾತ್ರೆಗಳು ಆ ಎಂಜೈಮನ್ನೇ ತಡೀತವೆ. ಅದಕ್ಕೇ ಇಬ್ಬರು ಡಾಕ್ಟರಿಗೂ ಎಲ್ಲ ಮಾತ್ರೆಯ ಹೆಸರು ಹೇಳಲೇಬೇಕು, ನಾವಾಗಿ ಯಾವುದನ್ನೂ ನಿಲ್ಲಿಸಬಾರದು. ನಮ್ಮ ಸಾಫ್ಟ್‌ವೇರಲ್ಲಿ ಒಂದು ಲೈಬ್ರರಿ ಇನ್ನೊಂದನ್ನ ಕೆಡಿಸೋ ಹಾಗೇ!

ಈಗ ಹದಿನೈದು ದಿನಕ್ಕೊಮ್ಮೆ ಮೈಸೂರಿನ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ರ ಹೋಗ್ತೀನಿ. ಗೋಣಿಕೊಪ್ಪದಲ್ಲಿ ಬಸ್ ಹತ್ತಿ, ತಿತಿಮತಿ, ಆನೆಚೌಕೂರು, ಹುಣಸೂರು ದಾಟಿ. ಬಸ್ ಸ್ಟ್ಯಾಂಡಲ್ಲಿ ಯಾರಾದ್ರೂ ಕೇಳಿದ್ರೆ "ಚೆಕಪ್‌ಗೆ" ಅಂತೀನಿ. ಸುಳ್ಳೇನಲ್ಲವಲ್ಲ.. ಅಲ್ಲಿ ಪವಾಡ ಏನೂ ನಡೆಯಲ್ಲ. ಸಂಜೆ ಇಪ್ಪತ್ತು ನಿಮಿಷ ಹೆದರಿಕೆಗೆ ಅಂತಲೇ ಇಟ್ಟಿದೀನಿ, ಆಗ ಎಲ್ಲ ಬರೆದಿಡೋದು. ಹೊಸ ನೋವು ಎರಡು ವಾರ ದಾಟಿದ್ರೆ, ಅಥವಾ ಜಾಸ್ತಿ ಆಗ್ತಾ ಹೋದ್ರೆ, ಕ್ಯಾನ್ಸರ್ ಡಾಕ್ಟರಿಗೆ ಫೋನ್. ಅಲ್ಲಿವರೆಗೆ ಅದು ಬರೀ ಬೆನ್ನು ನೋವು. ಹೆದರಿಕೆ ಹೋಗಿಲ್ಲ, ಆದ್ರೆ ರಾತ್ರಿ ಐದು ಗಂಟೆಯಾದ್ರೂ ನಿದ್ದೆ ಬರತ್ತೆ.

ನಿಮ್ಮ ಮನೆಯಲ್ಲೂ ಯಾರಾದ್ರೂ ನನ್ನ ಥರ ಇದ್ರೆ, ಧೈರ್ಯ ಹೇಳೋದನ್ನ ಒಂದು ದಿನ ಬಿಟ್ಟು "ನಿದ್ದೆ ಬರ್ತಿದೆಯಾ?" ಅಂತ ಕೇಳಿ. ಕೇಳಿ ಸುಮ್ಮನೆ ಕೂತ್ಕೊಳ್ಳಿ. ಅವರು ಹೇಳೋಕೆ ಸ್ವಲ್ಪ ಹೊತ್ತು ಬೇಕಾಗತ್ತೆ.

ಮುಂದಿನ ತಿಂಗಳು ಮ್ಯಾಮೊಗ್ರಾಂ ಇದೆ. ಹೆದರಿಕೆ ಆಗ್ತಿದೆ. ಹಾಗಂತ ಅಮ್ಮನಿಗೂ ಹೇಳಿದೀನಿ.