ನಾಲ್ಕನೆಯವನ ಜಾಗ

ಗುಳೆ ಎಂಬ ಮಾತು ನಿಮಗೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ದೇವದುರ್ಗ, ಮಾನ್ವಿ ಕಡೆಯ ಕುಟುಂಬಗಳು ಗಂಟುಮೂಟೆಯೊಡನೆ ರಾಯಚೂರಿಗೆ ಬಂದು ಮುಂಬಯಿಯ ರೈಲು ಹಿಡಿಯುವುದನ್ನು ನೀವು ಕಂಡಿದ್ದೀರಿ. ಮುಂಬಯಿ ಮತ್ತು ಮದ್ರಾಸಿನ ಹಳಿಗಳು 1871ರಲ್ಲಿ ಕೂಡಿದ್ದೇ ನಮ್ಮ ರಾಯಚೂರಿನಲ್ಲಿ. ಆದರೆ ಊರು ಬಿಟ್ಟವರನ್ನು ಅಲ್ಲಿ ದಿನನಿತ್ಯದ ದುಡಿಮೆಗೆ ಹೊತ್ತೊಯ್ದದ್ದು ಮತ್ತೊಂದು ರೈಲು: ಮುಂಬಯಿಯ ವಿದ್ಯುತ್ ಲೋಕಲ್.

ನಾನು ಅದನ್ನು ಕಂಡದ್ದು 1990ರ ದಶಕದಲ್ಲಿ, ಗುರುಮಠದ ವಿದ್ಯಾರ್ಥಿಯಾಗಿದ್ದಾಗ. ವಡಾಲಾದ ಬಳಿಯಿದ್ದ ನಮ್ಮ ಕಡೆಯ ಕಟ್ಟಡ ಕಾರ್ಮಿಕರನ್ನು ಭೇಟಿಯಾಗಲು ಹಾರ್ಬರ್ ಮಾರ್ಗದಲ್ಲಿ ಹೋಗುತ್ತಿದ್ದೆ. ಮರದ ಆಸನಗಳು, ತಲೆಯ ಮೇಲೆ ತೂಗಾಡುವ ಹಿಡಿಕೆಗಳು, ಎಂದೂ ಮುಚ್ಚದ ಬಾಗಿಲು. ನಿಂತುಹೋದ ಫ್ಯಾನನ್ನು ಯಾರೋ ಬಾಚಣಿಗೆಯಿಂದ ತಿವಿದು ತಿರುಗಿಸುತ್ತಿದ್ದರು. ಕಾಲಡಿಯಲ್ಲಿ ಮೋಟಾರಿನ ಗುಂಯ್‌ಗುಡುವ ಸದ್ದು ಇಂದಿಗೂ ಕಿವಿಯಲ್ಲಿದೆ.

ಭಾರತದ ಮೊದಲ ವಿದ್ಯುತ್ ರೈಲು ಓಡಿದ್ದು ಇದೇ ಮಾರ್ಗದಲ್ಲಿ. 1925ರ ಫೆಬ್ರವರಿ 3ರಂದು ನಾಲ್ಕು ಡಬ್ಬಿಗಳ ಆ ಗಾಡಿ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಹೊರಟಿತು. ಅಂದಿನ 1,500 ವೋಲ್ಟ್ ನೇರ ವಿದ್ಯುತ್ತಿಗೆ ದಪ್ಪ ತಂತಿಗಳೂ ಹತ್ತಿರ ಹತ್ತಿರ ಉಪಕೇಂದ್ರಗಳೂ ಬೇಕಿದ್ದವು. ಆದ್ದರಿಂದ 25,000 ವೋಲ್ಟ್ ಪರ್ಯಾಯ ವಿದ್ಯುತ್ತು ಬಂತು. 2016ರ ಏಪ್ರಿಲ್‌ನಲ್ಲಿ ಹಾರ್ಬರ್ ಮಾರ್ಗವೂ ಬದಲಾಯಿತು. ಹಳೆಯ ಗಾಡಿಗಳ ಕಾಲ ಮುಗಿಯಿತು.

ನನ್ನ ನೆನಪಿನಲ್ಲಿ ಉಳಿದಿರುವುದು ಮಾತ್ರ ಯಂತ್ರವಲ್ಲ, ಒಂದು ರೂಢಿ. ಮೂವರ ಆಸನದ ಬಳಿ ನಾಲ್ಕನೆಯವನು ಬಂದು ನಿಂತರೆ ಮೂವರೂ ತುಸು ಸರಿಯುತ್ತಿದ್ದರು; ಆತ ಅಂಚಿನಲ್ಲಿ ಅರ್ಧ ಕೂಡುತ್ತಿದ್ದ. ಮಾನ್ವಿ ಕಡೆಯ ಯುವಕನೊಬ್ಬ ಹಾಗೆ ಕುಳಿತು ನನ್ನೊಡನೆ ಹೇಳಿದ: “ಬ್ರದರ್, ಇಲ್ಲಿ ಯಾರೂ ಕುಲ ಕೇಳಂಗಿಲ್ರೀ. ಸರದು ಕೂಡು ಅಂತಾರ. ನಮ್ಮೂರ ಹೋಟೆಲ್‌ನಾಗ ನನಗ ಬ್ಯಾರೇ ಲೋಟ ಇಟ್ಟಾರ.”

ಆ ನೂಕುನುಗ್ಗಲನ್ನು ನಾನು ಸ್ವರ್ಗವೆನ್ನಲಾರೆ. ಅಲ್ಲಿ ಬೈಗುಳವಿತ್ತು, ಹೊಡೆದಾಟವಿತ್ತು. ಬಾಗಿಲಲ್ಲಿ ಜೋತುಬಿದ್ದವರು ಹಳಿಗೆ ಬಿದ್ದು ಸತ್ತದ್ದೂ ಉಂಟು. ಆದರೂ ಹಸಿವು ನೂಕಿದ ಒಬ್ಬನಿಗೆ ಹುಟ್ಟೂರು ಕೊಡದ ಗೌರವವನ್ನು ಅಪರಿಚಿತರ ಆ ಮರದ ಹಲಗೆ ಕೊಟ್ಟಿತ್ತು. ಇದು ನಾವು ಯೋಚಿಸಬೇಕಾದ ಸಂಗತಿಯಲ್ಲವೇ?

ಮುನಿರಾಬಾದ್–ಮೆಹಬೂಬ್‌ನಗರ ಮಾರ್ಗದ ರೈಲು 2024ರಲ್ಲಿ ಸಿಂಧನೂರಿಗೆ ಬಂತು. ಅದು ಮಾನ್ವಿಯ ಮೇಲೆ ಹಾದು ರಾಯಚೂರನ್ನು ಸೇರಬೇಕೆಂಬುದು ಯೋಜನೆ. ನಮ್ಮ ನಾಡಿಗೆ ಹಳಿ ಬರಲಿ, ಗುಳೆ ಹೋದವರು ಅದೇ ಹಳಿಯ ಮೇಲೆ ಮರಳಲಿ. ಆದರೆ ಮರಳಿದವರಿಗೆ ನಮ್ಮ ಹೋಟೆಲಿನ ಬೆಂಚಿನಲ್ಲಿ, ಊರ ಕಟ್ಟೆಯಲ್ಲಿ, ನಮ್ಮ ದೇವಾಲಯದ ಮುಂದಿನ ಸಾಲಿನಲ್ಲಿ ಜಾಗವಿರಬೇಕು. ನಾಲ್ಕು ಬೆರಳಿನಷ್ಟು ಸರಿಯಲು ವಿದ್ಯುತ್ತೂ ಬೇಕಿಲ್ಲ, ಯೋಜನೆಯೂ ಬೇಕಿಲ್ಲ.